ರಬಾಳೆಯಲ್ಲಿ ಇಳಿಯುವವಳ ಸೀಟು

ಹೋದ ತಿಂಗಳು ಡೊಂಬಿವಲಿಯ ಒಂದು ಸಭಾಗೃಹದಲ್ಲಿ ನಮ್ಮವರ ಮದುವೆಯಿತ್ತು. ಊಟದ ಹೊತ್ತಿಗೆ ಮೊದಲ ಪಂಕ್ತಿ ಭರ್ತಿಯಾಗಿತ್ತು. ಎರಡನೆಯ ಪಂಕ್ತಿಯವರೆಲ್ಲ ಮಾಡುವಂತೆ ನಾನೂ ಒಂದು ಕುರ್ಚಿಯ ಹಿಂದೆ ಹೋಗಿ ನಿಂತೆ. ಕುರ್ಚಿಯಲ್ಲಿದ್ದವರು ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸು, ಹಸಿರು ಸೀರೆ, ಗುರುತಿಲ್ಲ. ಅವರ ಭುಜದ ಹತ್ತಿರ ಬಗ್ಗಿ, ಏನು ಮಾಡುತ್ತಿದ್ದೇನೆಂಬ ಪರಿವೆಯೇ ಇಲ್ಲದೆ ಕೇಳಿಬಿಟ್ಟೆ.

"ನೀವು ಎಲ್ಲಿ ಇಳಿಯುವುದು?"

ಆಕೆ ತಿರುಗಿ ಕೂಡ ನೋಡಲಿಲ್ಲ. ಸಾರನ್ನ ಕಲಸುತ್ತಲೇ, "ಮಜ್ಜಿಗೆಗೆ" ಎಂದರು. ಸ್ವಲ್ಪ ತಡೆದು, "ಬೇರೆ ಯಾರಿಗೂ ಹೇಳಿಲ್ಲ, ನಿಂತ್ಕೊಳ್ಳಿ" ಎಂದೂ ಸೇರಿಸಿದರು.

ಆಮೇಲೆ ಕೈ ತೊಳೆಯುವಲ್ಲಿ ವಿಚಾರಿಸಿದರೆ ಅವರೂ ಇಪ್ಪತ್ತು ವರ್ಷಗಳಿಂದ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ನಿಂತು ಪಳಗಿದವರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಈ ಟ್ರೇನಿನ ಗುಣ ನಡುವೆ ಬಂದದ್ದು, ಆದರೂ ಸುಟ್ಟರೆ ಹೋಗುತ್ತದೆಂಬ ನಂಬಿಕೆ ನನಗಿಲ್ಲ. ಡಾಕ್ಟರ ಕ್ಲಿನಿಕ್ಕಿನಲ್ಲಿ, ದೇವಸ್ಥಾನದ ಬೆಂಚಿನಲ್ಲಿ, ಎಲ್ಲಿ ಯಾರು ಕೂತದ್ದು ಕಂಡರೂ ನನ್ನ ಬಾಯಿಗೆ ಅದೇ ಪ್ರಶ್ನೆ ಬರುತ್ತದೆ. ಅದರಿಂದ ಈ ವರ್ಷ ನನ್ನ ಮಗಳ ಬಾಳಿನಲ್ಲಿ ಒಂದು ಸಣ್ಣ ಗಲಾಟೆಯೇ ಆಗಿಹೋಯಿತು.

ನೀವು ಈ ಕಡೆಯವರಲ್ಲದಿದ್ದರೆ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ನಾನು ದಿನಾ ಡೊಂಬಿವಲಿಯಲ್ಲಿ ಹತ್ತಿ, ಥಾಣೆಯಲ್ಲಿ ಇಳಿದು, ಅಲ್ಲಿಂದ ನವಿ ಮುಂಬಯಿಯ ಮೂಲಕ ಪನ್ವೇಲಿಗೆ ಹೋಗುವ ಗಾಡಿ ಹಿಡಿದು ಬೇಲಾಪುರದ ಆಫೀಸಿಗೆ ಹೋಗುವವಳು. ಪನ್ವೇಲ್ ಗಾಡಿ ಹೊರಡುವುದೇ ಥಾಣೆಯಿಂದ. ಆದರೆ ನಾನು ಸೇತುವೆ ಹತ್ತಿ ಇಳಿದು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಸೀಟುಗಳೆಲ್ಲ ತುಂಬಿರುತ್ತವೆ. ಆಗ ಕೂತವರನ್ನು ಕೇಳಬೇಕು: ಎಲ್ಲಿ ಇಳಿಯುತ್ತೀರಿ? ಅವರು ಹತ್ತಿರದ ಸ್ಟೇಷನ್ ಹೇಳಿದರೆ ಎರಡನೆಯ ಪ್ರಶ್ನೆ: "ಕಿಸೀ ಕೋ ಬೋಲಾ ಕ್ಯಾ?" ಯಾರಿಗಾದರೂ ಮಾತು ಕೊಟ್ಟಿದ್ದೀರಾ ಎಂದು. ಇಲ್ಲ ಎಂದರೆ ಆ ಸೀಟು ನಿಮ್ಮದು. ಅವರು ಏಳುವ ತನಕ ನೀವು ಅದರ ಮುಂದೆ ದ್ವಾರಪಾಲಕರ ಹಾಗೆ ನಿಲ್ಲಬಹುದು, ಯಾರೂ ಕಸಿಯುವುದಿಲ್ಲ. ಕೋರ್ಟಿನ ಕಾಗದಕ್ಕಿಂತ ಗಟ್ಟಿ ಮಾತು ಅದು. ಒಂದೇ ಒಂದು ಷರತ್ತು, ನಿಮಗೆ ಬೇಡವಾದರೆ ಸುಮ್ಮನೆ ಹಿಡಿದುಕೊಂಡಿರಬಾರದು. ನಿಮ್ಮ ನಂತರ ಕೇಳಿದವರನ್ನು ಕರೆದು ಕೊಟ್ಟುಬಿಡಬೇಕು.

ನಾಲ್ಕು ವರ್ಷಗಳಿಂದ ನನ್ನ ಸೀಟು ಎಂದರೆ ಮೀನಲ್‌ಳ ಸೀಟು. ಅವಳ ಮನೆ ಥಾಣೆಯ ವರ್ತಕ ನಗರದಲ್ಲಿ. ಬೇಗ ಬಂದು ಬಾಗಿಲಿಂದ ಮೂರನೆಯ ಬೆಂಚಿನಲ್ಲಿ ಕೂರುತ್ತಾಳೆ, ರಬಾಳೆಯಲ್ಲಿ ಇಳಿಯುತ್ತಾಳೆ. ಅಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಂಪನಿಯ ಆಫೀಸಿನಲ್ಲಿ ಅವಳಿಗೆ ಕೆಲಸ. ಅವಳು ಎದ್ದೊಡನೆ ನಾನು ಕೂತು ಕೂಡಲೇ ಕಣ್ಣು ಮುಚ್ಚುತ್ತೇನೆ. ನಿದ್ದೆ ಬರುತ್ತದೆಂದಲ್ಲ, ಎದುರಿಗೆ ನಿಂತವರ ಮುಖ ಕಾಣಬಾರದಲ್ಲ, ಅದಕ್ಕೆ.

ಇನ್ನು ಮಗಳು. ಅನ್ವಿತಾ ಈ ವರ್ಷ ಬಿ.ಕಾಂ. ಮುಗಿಸಿದಳು. ನಾನು ಮನೆಯಲ್ಲಿ ತುಳುವಿನಲ್ಲೋ ಕನ್ನಡದಲ್ಲೋ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಇಬ್ಬರಿಗೂ ಅರ್ಥವಾಗುತ್ತದೆ, ಅಥವಾ ಆಗುತ್ತದೆಂದು ನಂಬಿದ್ದೇವೆ. ಕೊನೆಯ ಪರೀಕ್ಷೆ ಮುಗಿಸಿ ಬಂದವಳು ಚಪ್ಪಲಿ ಬಿಚ್ಚುತ್ತಿದ್ದಾಗಲೇ ನಾನು ಕೇಳಿದ್ದೆ.

"ಇನ್ನು ಎಂತ ಮಾಡುದು ಅಂತ ಯೋಚನೆ ಮಾಡಿದ್ದೀಯಾ?"

"ಬ್ರೇಕ್ ಲೂಂಗೀ ಮಮ್ಮಿ. ಛೇ ಮಹೀನೇ."

"ಆರು ತಿಂಗಳಾ! ಆರು ತಿಂಗಳು ಮನೆಯಲ್ಲಿ ಎಂತ ಮಾಡ್ತಿ?"

"ಕುಛ್ ನಹೀ."

ಏನೂ ಇಲ್ಲ! ಕೋರ್ಸು ಎಂದಿದ್ದರೆ, ಯಾವುದೋ ಪರೀಕ್ಷೆಗೆ ಓದುತ್ತೇನೆಂದಿದ್ದರೆ, ಹೋಗಲಿ, ಡಾನ್ಸು ಕಲಿಯುತ್ತೇನೆಂದಿದ್ದರೂ ನಾನು ಒಪ್ಪುತ್ತಿದ್ದೆನೇನೋ. ಏನೂ ಮಾಡದೆ ಇರುವುದಕ್ಕೆ ಆರು ತಿಂಗಳು ಬೇಕೆಂದು ಯಾರಾದರೂ ಕೇಳುತ್ತಾರೆಯೇ? ಅವಳೇ ಮತ್ತೆ ಮೆಲ್ಲನೆ ಹೇಳಿದಳು, "ಮೈ ಥಕ್ ಗಯೀ ಹೂಂ, ಮಮ್ಮಿ." ಇಪ್ಪತ್ತೊಂದಕ್ಕೆ ದಣಿವಂತೆ! ದಣಿಯಲು ಇವಳೇನು ಗೋಣಿ ಹೊತ್ತಿದ್ದಾಳೆಯೇ ಎಂದು ನನಗೆ ಸಿಟ್ಟೇ ಬಂತು. ಐದು ವರ್ಷ ಬೆಳಗಿನ ಆರು ಗಂಟೆಯ ಟ್ರೇನಿನಲ್ಲಿ ಥಾಣೆಯ ಕಾಲೇಜಿಗೆ ಜೋತುಬಿದ್ದು ಹೋಗಿದ್ದಾಳೆಂಬುದು ಆಗ ನೆನಪಿಗೆ ಬರಲಿಲ್ಲ. ಅದೇ ತರಹ ಜೋತುಬಿದ್ದು ಮೂವತ್ತು ವರ್ಷ ಹೋದವಳಿಗೆ ಐದು ಒಂದು ಲೆಕ್ಕವೇ ಅಲ್ಲ ನೋಡಿ.

ನನ್ನ ಯಜಮಾನರಿಗೆ ಉಲ್ಹಾಸನಗರದಲ್ಲಿ ಒಂದು ಚಿಕ್ಕ ವೆಜ್ ಹೋಟೆಲು. ಅವರ ಶಾಸ್ತ್ರ ಸರಳ.

"ಬ್ರೇಕು ಅಂದ್ರೆ ಎಂತದ್ದು ಮಾರಾಯ್ತಿ? ಮಧ್ಯಾಹ್ನ ಮೂರರಿಂದ ನಾಲ್ಕು ಶಟರು ಅರ್ಧ ಎಳೀತೇವಲ್ಲ, ಅದು ಬ್ರೇಕು. ಅದಕ್ಕಿಂತ ಜಾಸ್ತಿ ಬೇಕಾದ್ರೆ ನನ್ನ ಹೋಟೆಲಿನ ಗಲ್ಲದಲ್ಲಿ ಕೂತ್ಕೊಳ್ಳಲಿ, ಫ್ಯಾನುಂಟು."

ಹೋಟೆಲಿನವರಿಗೆ ಎಲ್ಲ ಸಮಸ್ಯೆಗೂ ಉತ್ತರ ಗಲ್ಲ, ಅಂದರೆ ಬಿಲ್ಲಿನ ಹಣ ತೆಗೆದುಕೊಳ್ಳುವ ಮೇಜು. ಮಗಳು ನಕ್ಕು ಒಳಗೆ ಹೋದಳು. ನನಗೆ ನಗು ಬರಲಿಲ್ಲ. ಡೊಂಬಿವಲಿಯಲ್ಲಿ ಸುಮ್ಮನೆ ಮನೆಯಲ್ಲಿ ಕೂತ ಹುಡುಗಿ ಎಂದರೆ ಎಲ್ಲರ ಕಣ್ಣಿಗೆ ಬೀಳುವ ಹುಡುಗಿ. ನಮ್ಮ ಬಿಲ್ಡಿಂಗಿನ ಲಿಫ್ಟು ಒಂದನೆಯ ಮಾಳಿಗೆ ತಲುಪುವುದರೊಳಗೆ ಮೂರು ಜನ ಕೇಳುತ್ತಾರೆ, ಮಗಳು ಏನು ಮಾಡುತ್ತಿದ್ದಾಳೆ ಎಂದು. ಆರು ತಿಂಗಳು ವರ್ಷವಾಗಿ, ವರ್ಷ ಅಭ್ಯಾಸವಾದರೆ? ಹೊರಗೆ ನಿಂತವರು ಬಾಗಿಲಲ್ಲಿ ನುಗ್ಗುತ್ತಿರುವಾಗ ಒಮ್ಮೆ ಬಿಟ್ಟ ಗಾಡಿ ಮತ್ತೆ ಸಿಕ್ಕೀತೇ ಎಂಬ ಹೆದರಿಕೆ ನನಗೆ ನಿಜವಾಗಿಯೂ ಇತ್ತು.

ಹೀಗಿರುವಾಗ ಒಂದು ಸೋಮವಾರ, ಗಾಡಿ ಥಾಣೆ ಬಿಟ್ಟ ಮೇಲೆ ಮೀನಲ್ ನನ್ನ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತ ಹೇಳಿದಳು. ಅವಳ ಗಂಡನಿಗೆ ಪುಣೆಗೆ ವರ್ಗವಾಗಿದೆ, ಅವಳು ಕೆಲಸ ಬಿಡುತ್ತಿದ್ದಾಳೆ, ಮುಂದಿನ ವಾರದ ಕೊನೆಗೆ ಮುಗಿಯಿತು.

ಇನ್ನೊಬ್ಬರಾಗಿದ್ದರೆ ಅಯ್ಯೋ ಎನ್ನುತ್ತಿದ್ದರು. ನಾಲ್ಕು ವರ್ಷದ ಒಡನಾಟ, ಕಣ್ಣಲ್ಲಿ ನೀರಾದರೂ ಬರಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಕಿಸೀ ಕೋ ಬೋಲಾ ಕ್ಯಾ?"

"ಸೀಟಾ?"

"ಸೀಟಲ್ಲ, ನೌಕರಿ. ನನ್ನ ಮಗಳಿಗೆ."

ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ. ಗಂಭೀರವಾಗಿ ತಲೆಯಾಡಿಸಿ, "ನಹೀ ಬೋಲಾ. ಆಪ್ ಕಾ" ಎಂದಳು. ಯಾರಿಗೂ ಹೇಳಿಲ್ಲ, ನಿಮ್ಮದೇ. ಸುತ್ತ ನಿಂತ ನಾಲ್ಕು ಹೆಂಗಸರು ಸಾಕ್ಷಿ. ಮಾತು ಮುಗಿಯಿತು. ಮರುದಿನವೇ ಅವಳು ತನ್ನ ಸಾಹೇಬರಿಗೆ ಹೇಳಿದಳು, ಅವರು ಮುಂದಿನ ಶುಕ್ರವಾರ ಬೆಳಿಗ್ಗೆ ಕರೆದುಕೊಂಡು ಬಾ ಎಂದರಂತೆ. ಡಬ್ಬಿಯಲ್ಲಿ ಅಭಿನಂದನೆಗಳೂ ಶುರುವಾದವು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆ ನನಗೆ ಚೆನ್ನಾಗಿ ಗೊತ್ತು, ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ. ಆದರೂ ಒಬ್ಬರು ತಂದ ಪೇಡೆಯನ್ನು ನಾನು ಬೇಡವೆನ್ನದೆ ತಿಂದೆ.

ಕೂಸಿಗೆ ಮಾತ್ರ ವಿಷಯ ಗೊತ್ತಿರಲಿಲ್ಲ. ಸಂಜೆ ಹೇಳಿದಾಗ ಅನ್ವಿತಾ ನನ್ನನ್ನೇ ನೋಡಿದಳು.

"ಮಮ್ಮಿ, ಯೇ ಟ್ರೇನ್ ಹೈ ಕ್ಯಾ? ಕರ್ಚೀಫು ಇಟ್ಟು ಜಾಗ ಹಿಡಿಯುವ ಹಾಗೆ ನನಗೆ ನೌಕರಿ ಹಿಡಿದೆಯಾ?" ಎಂದು ಅವಳ ಹಿಂದಿಯಲ್ಲಿ ಕೇಳಿದಳು.

"ಒಳ್ಳೆ ಕಂಪನಿ ಮಗಾ. ನಾನೂ ಅದೇ ಗಾಡಿಯಲ್ಲಿ ಇರ್ತೇನಲ್ಲ, ಒಟ್ಟಿಗೆ ಹೋಗುವಾ."

"ನನ್ನನ್ನು ಕೇಳಿದೆಯಾ?"

ಕೇಳಿರಲಿಲ್ಲ. ನಾಲ್ಕು ದಿನ ಮನೆಯಲ್ಲಿ ಮಾತು ಉಪ್ಪು, ಹುಳಿ, ಗ್ಯಾಸು ಬುಕ್ಕಿಂಗಿಗೆ ಮಾತ್ರ ಸೀಮಿತವಾಯಿತು. ಐದನೆಯ ದಿನ ಅವಳೇ ಬಂದು, "ಠೀಕ್ ಹೈ, ಜಾತೀ ಹೂಂ. ಇಲ್ಲದಿದ್ದರೆ ಟ್ರೇನಿನಲ್ಲಿ ನಿನ್ನ ಮೂಗು ಕತ್ತರಿಸಿದ ಹಾಗಾಗುತ್ತದಲ್ಲ" ಎಂದು ಹಿಂದಿಯಲ್ಲೇ ಹೇಳಿ ಒಪ್ಪಿದಳು. ಗೆದ್ದೆನಲ್ಲ ಎಂದು ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಅವಳು ಹಾಗೆಂದ ಧ್ವನಿ ನನಗೆ ಗೊತ್ತಿದ್ದ ಧ್ವನಿ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅದು ನನ್ನದಾಗಿತ್ತು.

ನನ್ನ ಅಪ್ಪ ಥಾಣೆಯಲ್ಲಿ ಒಂದು ಹೋಟೆಲಿನ ಮ್ಯಾನೇಜರ್ ಆಗಿದ್ದರು. ನಾವಿದ್ದದ್ದು ಡೊಂಬಿವಲಿಯ ಒಂದು ಚಾಳಿನಲ್ಲಿ, ಒಂದೂವರೆ ಕೋಣೆ. ನನ್ನ ಶಾಲೆ ಮಧ್ಯಾಹ್ನದ ಪಾಳಿಯದು. ಆಮೇಲೆ ಕಾಲೇಜು ಬೆಳಿಗ್ಗೆ, ಟೈಪಿಂಗ್ ಕ್ಲಾಸು ಮಧ್ಯಾಹ್ನ. ರಜೆಯ ದಿನವೋ, ಒಂದೂವರೆ ಕೋಣೆಯ ತುಂಬ ಜನ, ಬಾಗಿಲಿಗೆ ಯಾರಾದರೂ ಅಡ್ಡ. ಹೀಗಾಗಿ ನಮ್ಮ ಮನೆ ಮಧ್ಯಾಹ್ನ ಮೂರು ಗಂಟೆಗೆ ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅಮ್ಮ ಹೇಳುತ್ತಿದ್ದಳು, "ಮೂರಕ್ಕೆ ಬಾಗಿಲಿಂದ ಒಂದು ಪಟ್ಟಿ ಬಿಸಿಲು ಬರ್ತದೆ. ಸಂಡಿಗೆಯ ತಟ್ಟೆ ಅದರಲ್ಲಿ ಇಡ್ತೇನೆ. ಅದು ಮುಂದೆ ಹೋದ ಹಾಗೆ ತಟ್ಟೆ ದೂಡುದು. ಐದಕ್ಕೆ ನಾನೂ ತಟ್ಟೆಯೂ ಒಲೆಯ ಹತ್ತಿರ ಇರ್ತೇವೆ." ಅಂಗಳವಿಲ್ಲದ ಊರಿನಲ್ಲಿ ಅಮ್ಮ ಸಂಡಿಗೆ ಒಣಗಿಸುತ್ತಿದ್ದದ್ದು ಹಾಗೆ. ಉಡುಪಿಯವಳಾದ ಅವಳಿಗೆ ಈ ಬಿಸಿಲು ಒಂದು ಬಿಸಿಲಾಗಿ ಕಂಡಿತೋ ಇಲ್ಲವೋ. ನನಗೆ ಮಾತ್ರ ಅದನ್ನು ನೋಡಬೇಕೆಂದು ಬಹಳ ಆಸೆಯಿತ್ತು.

ಬಿ.ಕಾಂ. ಪರೀಕ್ಷೆ ಮುಗಿದ ವಾರವೇ ಅಪ್ಪ ಮುಂಬಯಿಯ ಕೋಟೆ, ಅಂದರೆ ಫೋರ್ಟ್ ಕಡೆಯ ಒಂದು ಆಫೀಸಿನಲ್ಲಿ ನನಗೆ ಕೆಲಸ ಗೊತ್ತುಮಾಡಿ ಬಂದರು.

"ಸ್ವಲ್ಪ ದಿನ ಮನೆಯಲ್ಲಿ ಇರ್ತೇನೆ ಅಪ್ಪ" ಎಂದೆ.

"ಮನೆಯಲ್ಲಿ ಎಂತ ಉಂಟು?"

ಬಿಸಿಲುಂಟು ಎಂದು ಹೇಳಲಿಕ್ಕಾಗುತ್ತದೆಯೇ? "ಆಯ್ತು, ಹೋಗ್ತೇನೆ" ಎಂದೆ. ಅಪ್ಪನನ್ನು ದೂರುತ್ತಿಲ್ಲ. ಅವರು ಹನ್ನೆರಡನೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು ಹೋಟೆಲು ಸೇರಿದವರು, ಕೆಲಸ ಇಲ್ಲದ ದಿನವೆಂದರೆ ಅವರ ಮಟ್ಟಿಗೆ ಜ್ವರದ ದಿನ.

ಮೊದಲ ದಿನದ ಟ್ರೇನು ಇನ್ನೂ ನೆನಪಿದೆ. ಕಲ್ಯಾಣದಿಂದಲೇ ತುಂಬಿ ಬಂದ ಗಾಡಿ. ಎರಡು ಬೆಂಚುಗಳ ನಡುವೆ ನನ್ನನ್ನು ಯಾರೋ ತಳ್ಳಿ ನಿಲ್ಲಿಸಿದ್ದರು. ಸೆಖೆಗೋ, ಹೆದರಿಕೆಗೋ, ಬೆಳಿಗ್ಗೆ ಏನೂ ತಿನ್ನದೆ ಬಂದದ್ದಕ್ಕೋ ಕಣ್ಣು ಕತ್ತಲೆ ಬರುತ್ತಿತ್ತು. ಥಾಣೆ ಬಂದಾಗ ಎದುರಿಗೆ ಕೂತಿದ್ದ ವಯಸ್ಸಾದ ಹೆಂಗಸು ಎದ್ದರು. ಚೀಲದಲ್ಲಿ ಉತ್ತರಪತ್ರಿಕೆಗಳ ಕಟ್ಟಿತ್ತು, ಯಾವುದೋ ಶಾಲೆಯ ಟೀಚರಿರಬೇಕು. "ಬಸ್, ಪೋರೀ", ಕೂತ್ಕೋ ಹುಡುಗೀ, ಎಂದು ನನ್ನನ್ನು ಕೂರಿಸಿದರು. ಅವರು ಇಳಿಯುತ್ತಾರೆಂದುಕೊಂಡೆ. ಇಳಿಯಲಿಲ್ಲ. ಮುಲುಂಡ್ ದಾಟಿತು, ಘಾಟಕೋಪರ್ ದಾಟಿತು, ನನ್ನ ಮುಂದೆಯೇ ಹಿಡಿ ಹಿಡಿದು ನಿಂತಿದ್ದರು. ನಾಚಿಕೆಯಾಗಿ ಏಳಲು ಹೋದೆ. ಭುಜ ಒತ್ತಿ ಕೂರಿಸಿ ಅಂದರು, "ಮೀ ಇತಕಾ ವೇಳ್ ಬಸಲೇ. ಆತಾ ತೂ ಬಸ್." ನಾನು ಇಷ್ಟು ಹೊತ್ತು ಕೂತಿದ್ದೆ, ಈಗ ನೀನು ಕೂತ್ಕೋ.

ದೂರದಿಂದ ಬರುವವರಲ್ಲಿ ಹಾಗೊಂದು ಪದ್ಧತಿ ಇತ್ತು, ಕೆಲವು ಡಬ್ಬಿಗಳಲ್ಲಿ ಈಗಲೂ ಇದೆ. ಅರ್ಧ ದಾರಿ ಕೂತವರು ಉಳಿದರ್ಧ ನಿಲ್ಲುತ್ತಾರೆ. ಆ ಟೀಚರನ್ನು ನಾನು ಮರೆತಿಲ್ಲ. ಅವರಂತೆ ನಡೆದುಕೊಂಡಿದ್ದೇನೆಯೇ ಎಂದು ಕೇಳಬೇಡಿ. ಕಣ್ಣು ಮುಚ್ಚಿ ಕೂರುವ ಸಂಗತಿ ಆಗಲೇ ಹೇಳಿದ್ದೇನೆ.

ಸಾಹೇಬರು ಕರೆದ ಶುಕ್ರವಾರದ ಹಿಂದಿನ ದಿನ, ಗುರುವಾರ ಬೆಳಿಗ್ಗೆ, ಗಾಡಿಯಲ್ಲಿ ಮೀನಲ್ ನನ್ನ ಕಿವಿಯ ಹತ್ತಿರ ಒಂದು ಮಾತು ಹೇಳಿದಳು. ನಮ್ಮ ಪಕ್ಕದಲ್ಲೇ ದಿನಾ ನಿಲ್ಲುವ ಸುನೀತಾ ಎಂಬ ಹುಡುಗಿಯೂ ಆ ಕೆಲಸದ ಬಗ್ಗೆ ಕೇಳಿದ್ದಳಂತೆ. "ಆಂಟಿಗೆ ಮಾತು ಕೊಟ್ಟಿದ್ದೇನೆ ಅಂದೆ. ಠೀಕ್ ಹೈ ಅಂದಳು." ಸುನೀತಾ ಕಲ್ಯಾಣದವಳು, ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಅವಳ ಆಫೀಸು ಮುಚ್ಚಿ ಐದು ತಿಂಗಳಾಗಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ತಂದೆ, ಇವಳೊಬ್ಬಳದೇ ದುಡಿಮೆ. ದಿನಾ ಒಂದು ಫೈಲು ಎದೆಗೊತ್ತಿಕೊಂಡು ನವಿ ಮುಂಬಯಿಯ ಯಾವುದಾದರೂ ಸ್ಟೇಷನ್ನಿನಲ್ಲಿ ಇಳಿದು ಕೆಲಸ ಹುಡುಕುತ್ತಿದ್ದಳು. ತಲೆ ತಿರುಗಿಸಿದರೆ ಅಲ್ಲೇ ನಿಂತಿದ್ದಳು. ನನ್ನನ್ನು ನೋಡಿ ಎಂದಿನಂತೆ ನಕ್ಕಳು.

ಬೇಡದವಳಿಗಾಗಿ ಸೀಟು ಹಿಡಿದು, ಬೇಕಾದವಳನ್ನು ನಿಲ್ಲಿಸಿದ್ದೇನೆ. ಲೇಡೀಸ್ ಡಬ್ಬಿಯಲ್ಲಿ ಇದಕ್ಕಿಂತ ದೊಡ್ಡ ಪಾಪ ಇಲ್ಲ. ಆದರೂ, ಸುಳ್ಳು ಯಾಕೆ ಹೇಳಲಿ, ಆ ದಿನ ನಾನು ಬಾಯಿ ಬಿಡಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನ ಮಗಳ ಕೆಲಸ, ಲಿಫ್ಟಿನಲ್ಲಿ ನನ್ನ ಮರ್ಯಾದೆ, ಇವೆರಡೂ ಇನ್ನೊಬ್ಬಳ ಫೈಲಿಗಿಂತ ಭಾರವಾಗಿ ಕಂಡವು. ಸಂಜೆ ಮನೆಗೆ ಬಂದರೆ ಅನ್ವಿತಾ ನಾಳೆಯ ಚೂಡಿದಾರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಒಂದೇ ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆ ಹಿಂದೆ ಮುಂದೆ ಹೋಗುತ್ತಿತ್ತು, ಅವಳ ಕಣ್ಣು ಕಿಟಕಿಯ ಹೊರಗಿತ್ತು.

ಶುಕ್ರವಾರ ಇಬ್ಬರೂ ಹೊರಟೆವು. ಥಾಣೆಯಲ್ಲಿ ಎಂದಿನಂತೆ ಓಡಿ ಹತ್ತಿ ಮೀನಲ್‌ಳ ಮುಂದೆ ನಿಂತೆವು. ಮಗಳನ್ನು ನೋಡಿ ಡಬ್ಬಿಯೆಲ್ಲ ಮದುಮಗಳನ್ನು ಕಂಡಂತೆ ಸಂಭ್ರಮಿಸಿತು. ಸುನೀತಾ ಕೂಡ "ಆಲ್ ದ ಬೆಸ್ಟ್" ಎಂದಳು. ರಬಾಳೆಗೆ ಮುಂಚಿನ ಐರೋಲಿ ಹೋಯಿತು. ಮೀನಲ್ ದುಪ್ಪಟ ಸರಿಮಾಡಿಕೊಂಡು ಎದ್ದು, "ಚಲೋ ಬೇಟಾ" ಎಂದಳು. ಅನ್ವಿತಾ ಬಾಗಿಲ ಕಡೆ ತಿರುಗಿದಳು. ಆಗ ನನ್ನ ಕೈ ಅವಳ ಬ್ಯಾಗಿನ ಪಟ್ಟಿಯನ್ನು ಹಿಡಿದುಕೊಂಡಿತು.

"ಅನ್ವೀ, ನಿಜ ಹೇಳು. ನಿನಗೆ ಇಲ್ಲಿ ಇಳೀಬೇಕಾ?"

ಮೂವತ್ತು ವರ್ಷಗಳಲ್ಲಿ ಯಾರನ್ನೂ ಹಾಗೆ ಕೇಳಿರಲಿಲ್ಲ. ಎಲ್ಲಿ ಇಳಿಯುತ್ತೀರಿ ಎಂದು ಸಾವಿರ ಸಲ ಕೇಳಿದ್ದೇನೆ, ಇಳಿಯಬೇಕೇ ಎಂದಲ್ಲ. ಅವಳು ನನ್ನ ಮುಖ ನೋಡಿದಳು, ತಮಾಷೆಯಲ್ಲವೆಂದು ಗೊತ್ತಾಯಿತು. ಇಲ್ಲ ಎಂದು ತಲೆಯಾಡಿಸಿದಳು. ಕಣ್ಣು ತುಂಬಿತ್ತು.

ಗಾಡಿ ನಿಲ್ಲುತ್ತಿತ್ತು. "ಸುನೀತಾ, ತೂ ಉತರ್! ಮೀನಲ್, ಇವಳನ್ನು ಕರ್ಕೊಂಡು ಹೋಗು. ನಮ್ಮದು ಬಿಟ್ಟೆ, ನನ್ನ ನಂತರ ಕೇಳಿದ್ದು ಇವಳು!" ಎಂದು ಯಾವ ಭಾಷೆಯಲ್ಲಿ ಕೂಗಿದೆನೋ, ಮೂರೂ ಬೆರೆತಿರಬೇಕು. ಸುನೀತಾ ಒಂದು ಗಳಿಗೆ ಕಕ್ಕಾಬಿಕ್ಕಿಯಾದಳು. ಹಿಂದಿದ್ದವರು ತಳ್ಳಿದರು. ಫೈಲು ಎದೆಗೊತ್ತಿಕೊಂಡವಳು ಮೀನಲ್‌ಳ ಹಿಂದೆ ಪ್ಲಾಟ್‌ಫಾರ್ಮಿಗೆ ಬಿದ್ದಂತೆ ಇಳಿದಳು. ಗಾಡಿ ಹೊರಟಿತು. ತಿರುಗಿ ನೋಡಿದರೆ ಮೀನಲ್‌ಳ ಸೀಟಿನಲ್ಲಿ ಯಾರೋ ಗುರುತಿಲ್ಲದ ಹೆಂಗಸು ಕೂತು ಆಗಲೇ ಕಣ್ಣು ಮುಚ್ಚಿದ್ದರು. ತಾಯಿ ಮಗಳು ಬೇಲಾಪುರದವರೆಗೆ ನಿಂತೇ ಹೋದೆವು. ನಡುವೆ ಅವಳಿಗೆ ನಗು ಶುರುವಾಯಿತು, ಆಮೇಲೆ ನನಗೂ.

ಸುನೀತಾಗೆ ಆ ಕೆಲಸವಾಯಿತು. ಅವಳೂ ನನ್ನಂತೆ ದೂರದಿಂದ ಬರುವವಳು, ಅವಳಿಗೆ ಸೀಟು ಸಿಗುವುದಿಲ್ಲ, ಸಿಗದ ಸೀಟನ್ನು ನನಗೆ ಕೊಡುವುದು ಹೇಗೆ? ಈಗ ನಾನು ರಬಾಳೆ ದಾಟಿ ಮುಂದಿನ ಘನ್ಸೋಲಿಯವರೆಗೆ ನಿಲ್ಲುತ್ತೇನೆ. ಲಿಫ್ಟಿನಲ್ಲಿ ಕೇಳುವವರು ಕೇಳುತ್ತಲೇ ಇದ್ದಾರೆ. "ಬ್ರೇಕ್ ತಗೊಂಡಿದ್ದಾಳೆ" ಎಂದು ಹೇಳುವಾಗ ನನ್ನ ಧ್ವನಿ ಈಗಲೂ ಸ್ವಲ್ಪ ಇಳಿಯುತ್ತದೆ. ಆರು ತಿಂಗಳಾದ ಮೇಲೆ ಏನು ಎಂದು ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿದ್ದಂತಿಲ್ಲ. ಭಯ ಹೋಗಿದೆಯೆಂದು ಹೇಳಲಾರೆ.

ಮೊನ್ನೆ ಬುಧವಾರ ಸುಮ್ಮನೆ ಒಂದು ರಜೆ ಹಾಕಿದೆ. ಜ್ವರವಿಲ್ಲ, ಮದುವೆಯಿಲ್ಲ, ಬ್ಯಾಂಕಿನ ಕೆಲಸವೂ ಇಲ್ಲ. ಊಟ ಮಾಡಿ ಮಲಗಿದವಳು ಎದ್ದು ಅಡಿಗೆಮನೆಗೆ ಬಂದರೆ, ಅನ್ವಿತಾ ತಲೆಸ್ನಾನ ಮಾಡಿ ಕೂದಲು ಬಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಕಿಟಕಿಯಿಂದ ಫ್ರಿಜ್ಜಿನವರೆಗೆ ಒಂದು ಪಟ್ಟಿ ಬಿಸಿಲು ಬಿದ್ದಿತ್ತು. ಅವಳು ಅದರೊಳಗೆ ಸರಿಯಾಗಿ ಹಿಡಿಸುವ ಹಾಗೆ ಕಾಲು ಮಡಚಿದ್ದಳು. ಫೋನು ಕೂಡ ಕೈಯಲ್ಲಿರಲಿಲ್ಲ. ಗಡಿಯಾರ ನೋಡಿದೆ, ಮೂರೂಕಾಲು.

"ಮಮ್ಮಿ, ಯಹಾಂ ಧೂಪ್ ಆತೀ ಹೈ. ತುಝೇ ಪತಾ ಥಾ?"

ಇಲ್ಲಿ ಬಿಸಿಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಈ ಮನೆಯಲ್ಲಿ ಹದಿನೆಂಟು ವರ್ಷಗಳಿಂದ ಇದ್ದೇನೆ. ಲಾಕ್‌ಡೌನಿನಲ್ಲಿ ಮನೆಯಲ್ಲೇ ಇದ್ದಿರಲ್ಲ ಎನ್ನುತ್ತೀರಿ. ಆಗ ನಾನು ಇದೇ ಅಡಿಗೆಮನೆಯಲ್ಲಿ ಗೋಡೆಗೆ ಮುಖಮಾಡಿ ಆಫೀಸಿನ ಲ್ಯಾಪ್‌ಟಾಪು ಇಟ್ಟುಕೊಂಡಿದ್ದೆ, ಪರದೆಗೆ ಬೆಳಕು ಹೊಡೆಯುತ್ತದೆಂದು ಕಿಟಕಿಗೆ ಬೆಡ್‌ಶೀಟು ಕಟ್ಟಿದ್ದೆ. ಭಾನುವಾರಗಳ ಮೂರು ಗಂಟೆಗೆ ಏನು ಮಾಡುತ್ತಿದ್ದೆನೋ, ಇಡೀ ವಾರದ ಬಟ್ಟೆ ಮಡಚುತ್ತಿದ್ದೆನೇನೋ. ಅಮ್ಮ ಇದ್ದಿದ್ದರೆ ಇಷ್ಟು ಹೊತ್ತಿಗೆ ಅಲ್ಲಿ ಒಂದು ತಟ್ಟೆ ಬಂದಿರುತ್ತಿತ್ತು ಎಂದುಕೊಂಡೆ. ಬಾಗಿಲಲ್ಲೇ ನಿಂತೆ.

ಹಾಗೆ ನಿಂತವಳ ಬಾಯಿಗೆ ಹಳೆಯ ಪ್ರಶ್ನೆ ಬಂದೇಬಂತು. ನುಂಗಿಕೊಂಡೆ.

ಅವಳು ನನ್ನನ್ನು ಒಮ್ಮೆ ನೋಡಿ, ಎದ್ದು, ಪಕ್ಕಕ್ಕೆ ಸರಿದು ನೆರಳಿನಲ್ಲಿ ನಿಂತಳು. ಆ ಟೀಚರ ಕಥೆಯನ್ನು ನಾನು ಅವಳಿಗೆ ಯಾವತ್ತೂ ಹೇಳಿದವಳಲ್ಲ. ಇಪ್ಪತ್ತೊಂದು ವರ್ಷ ನನಗೆ ಹಿಂದಿಯಲ್ಲೇ ಉತ್ತರ ಕೊಟ್ಟವಳು, ಆ ಹೊತ್ತಿನಲ್ಲಿ ಅದೇಕೋ ಕನ್ನಡದಲ್ಲಿ ಹೇಳಿದಳು.

"ಬಾ, ಕೂತ್ಕೋ ಅಮ್ಮ. ನಾನು ಇಷ್ಟು ಹೊತ್ತು ಕೂತಿದ್ದೆ."

ನಾನು ಕೂತೆ.